ಕಿವಿಮಾಸ್ತರ

ಕಿವಿಮಾಸ್ತರ ಶಾಲೆಗೆ ಬಂದ ವರ್ಷ ದಾಕ್ಷಾಯಣಿಯ ತಲೆನೋವು ನಿಂತುಹೋಯಿತು.

ಅದಕ್ಕೂ ಮೊದಲು, ಐದನೇ ಇಯತ್ತೆಯ ಮಕ್ಕಳ ಎದುರು ದಿನವಿಡೀ ನಿಂತು ಸಂಜೆ ಮನೆಗೆ ಬಂದರೆ ಹುಬ್ಬುಗಳ ನಡುವೆ ಯಾರೋ ಮೊಳೆ ಹೊಡೆದು ಹೋದಂತಿರುತ್ತಿತ್ತು. ಮಕ್ಕಳ ಗದ್ದಲಕ್ಕೆ ಹಾಗಾಗುತ್ತದೆ ಎಂದು ಮನೆಯವರೂ ಜೊತೆಯ ಶಿಕ್ಷಕಿಯರೂ ತಿಳಿದಿದ್ದರು. ಅವಳೂ ಹಾಗೆಯೇ ಹೇಳುತ್ತ ಬಂದಿದ್ದಳು. ನಿಜವಾದ ಕಾರಣ ಬೇರೆಯಿತ್ತು. ಅವಳ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಅರ್ಧ ಉಳಿದಿತ್ತು. ಮಿಕ್ಕದ್ದನ್ನು ಕಣ್ಣು ತುಂಬಿಕೊಡಬೇಕಿತ್ತು. ಯಾವ ಮಗು ಬಾಯಿ ತೆರೆಯಿತು, ತುಟಿ ಹೇಗೆ ಕೂಡಿತು, ನಾಲಗೆ ಎಲ್ಲಿ ತಾಗಿತು ಎಂದು ನೋಡುತ್ತಲೇ ಇರಬೇಕು. ಒಂದು ಕ್ಷಣ ಮೈಮರೆತರೆ ಒಂದು ಮಾತು ಹೋಯಿತು. ಇಪ್ಪತ್ತು ವರ್ಷಗಳಿಂದ ಹೀಗೆ ತುಟಿ ಓದಿ ಪಾಠ ಮಾಡಿದ್ದಳು. ಯಾರಿಗೂ ಗೊತ್ತಿಲ್ಲ ಎಂದು ನಂಬಿದ್ದಳು.

ಆಮೇಲೆ 'ನನ್ನಪಾಠ' ಬಂತು. ಅದು ಸರ್ಕಾರಿ ಹೆಸರು. ಕಿವಿಮಾಸ್ತರ ಎಂದು ಕರೆದವರು ಮಕ್ಕಳು. ಪ್ರತಿ ಮಗುವಿನ ಕಿವಿಯಲ್ಲಿ ಕಡಲೆಕಾಳಿನಷ್ಟು ಗಾತ್ರದ ಒಂದು ಗುಂಡು, ಎದುರಿಗೆ ಬೆಳಗುವ ಒಂದು ಪಾಟಿ. ಗುಂಡು ಆ ಮಗುವೊಂದಕ್ಕೇ ಕೇಳುವಂತೆ ಪಾಠ ಹೇಳುತ್ತಿತ್ತು. ಮಗು ಪಾಟಿಯ ಮೇಲೆ ಬೆರಳಲ್ಲಿ ಉತ್ತರ ಬರೆಯುತ್ತಿತ್ತು. ಪಾಟಿಯ ನೆತ್ತಿಯಲ್ಲಿದ್ದ ಸಣ್ಣ ಕಣ್ಣು ಮಗು ಎತ್ತ ನೋಡಿತು, ಎಲ್ಲಿ ತಡವರಿಸಿತು ಎಂಬುದನ್ನೆಲ್ಲ ಗಮನಿಸಿ, ಮುಂದಿನ ಪಾಠವನ್ನು ಆ ಮಗುವಿನ ಅಳತೆಗೆ ಹೊಲಿದು ಕೊಡುತ್ತಿತ್ತು. ಬಂದರೆ ಒಂದು ಹಂತ ಮೇಲೆ, ತಪ್ಪಿದರೆ ಒಂದು ಹಂತ ಕೆಳಗೆ. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬ ಭಿನ್ನರಾಶಿ ಬಿಡಿಸುತ್ತಿದ್ದರೆ ಇನ್ನೊಬ್ಬ ಇನ್ನೂ ಮಗ್ಗಿಯಲ್ಲಿರುತ್ತಿದ್ದ. ಯಾರಿಗೂ ಯಾರ ಅವಸರವೂ ಇರಲಿಲ್ಲ.

ಪಾಟಿಯ ಮೇಲೆ ಮಾತ್ರ ಅಕ್ಷರಗಳಿರಲಿಲ್ಲ. ಅಕ್ಷರ ಕಂಡರೆ ಮಕ್ಕಳು ಕೇಳುವುದನ್ನು ಬಿಟ್ಟು ಮುಂದೆ ಓದಿಬಿಡುತ್ತಾರೆ ಎಂದು ಅದನ್ನು ಕಟ್ಟಿದವರು ತೆಗೆದುಹಾಕಿದ್ದರಂತೆ. ಕೆಳಗಿನ ಹಂತಗಳಲ್ಲಿ ಚಿತ್ರ ನೋಡಿಯೇ ಉತ್ತರ ಹೇಳಬಹುದಿತ್ತು. ಮೇಲಿನ ಹಂತಗಳಲ್ಲಿ ಪಾಟಿಯ ಮೇಲೆ ಬರಿಯ ಆಕೃತಿ, ಅಂಕಿ, ಪ್ರಶ್ನೆ ಕಿವಿಯಲ್ಲಿ.

ದಾಕ್ಷಾಯಣಿಗೆ ಈಗ 'ತರಗತಿ ನಿರ್ವಾಹಕಿ' ಎಂಬ ಹೊಸ ಹೆಸರು. ಅವಳ ಮೇಜಿನ ಫಲಕದಲ್ಲಿ ಒಂದೊಂದು ಮಗುವಿಗೆ ಒಂದೊಂದು ದೀಪ. ಹಸಿರಾದರೆ ಸರಿ ಸಾಗಿದೆ, ಹಳದಿಯಾದರೆ ತೊಡಕು, ಕೆಂಪಾದರೆ ಎದ್ದುಹೋಗಿ ಬೆನ್ನು ತಟ್ಟಿ ಬರಬೇಕು. ಯಂತ್ರಕ್ಕೆ ಮಗು ಏನು ಉತ್ತರ ಕೊಟ್ಟಿತೆಂಬುದು ಫಲಕದಲ್ಲಿ ಅಕ್ಷರವಾಗಿ ಮೂಡುತ್ತಿತ್ತು. ತುಟಿಗಳ ಹಿಂದೆ ಓಡುವ ಕೆಲಸ ತಪ್ಪಿತು. ಮೊದಲ ವಾರವೇ ಅವಳು ಸಂಜೆ ಮನೆಗೆ ಬಂದು, ಎಷ್ಟೋ ವರ್ಷಗಳ ಮೇಲೆ, ಅಡುಗೆ ಮಾಡುತ್ತ ಹಾಡು ಗುನುಗಿದ್ದಳು.

ಆದ್ದರಿಂದಲೇ ಕಸ್ತೂರಿಯ ದೀಪ ಕೆಂಪಾದಾಗ ಅವಳು ಅದನ್ನು ನಂಬಿದಳು. ನಾಲ್ಕನೇ ಇಯತ್ತೆಯಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿದರೆ ಪಟಪಟನೆ ಲೆಕ್ಕ ಬಿಡಿಸುತ್ತಿದ್ದ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಯಾರು ಮಾತಾಡಿದರೂ ಅವರ ಮುಖವನ್ನೇ ತಿನ್ನುವ ಹಾಗೆ ನೋಡುವ ಕಣ್ಣು. ಈ ವರ್ಷ ಹಂತ ಐದರಿಂದ ನಾಲ್ಕಕ್ಕೆ, ಮೂರಕ್ಕೆ, ಕಡೆಗೆ ಮಾವಿನಹಣ್ಣು ಎಣಿಸುವ ಎರಡನೇ ಹಂತಕ್ಕೆ ಇಳಿದಿದ್ದಳು. ಮನೆಯಲ್ಲಿ ಏನೋ ತೊಂದರೆ ಇರಬೇಕು ಅಂದುಕೊಂಡಿದ್ದಳು ದಾಕ್ಷಾಯಣಿ. ಎದ್ದುಹೋಗಿ ಬೆನ್ನು ತಟ್ಟಿ ಬರುತ್ತಿದ್ದಳು.

ಒಂದು ದಿನ ಬಿಸಿಯೂಟದ ಬಿಡುವಿನಲ್ಲಿ ಮಕ್ಕಳು ಅಂಗಳದಲ್ಲಿ ಒಂದು ಆಟ ಹೂಡಿದ್ದರು. ಒಬ್ಬ ಹುಡುಗ ಎದೆಯುಬ್ಬಿಸಿ, ಇಲ್ಲದ ಸೀಟಿ ಊದುತ್ತ ಬರುತ್ತಿದ್ದ. ಹುಡುಗಿಯರ ಸಾಲು ಮೂಗು ಮುರಿದು "ಬ್ಯಾಡ ಅಂದ್ರ ಬ್ಯಾಡ" ಎಂದು ಬಿದ್ದು ಬಿದ್ದು ನಗುತ್ತಿತ್ತು.

"ಇದೇನ್ ಆಟರ‍್ಯಾ?" ಎಂದಳು ದಾಕ್ಷಾಯಣಿ.

"ಸಿಂಚನಾ ಮೇಡಂನ್ನ ನೋಡಾಕ ಬಂದ ವರ ರೀ ಅಕ್ಕಾರ. ಪಿ.ಟಿ. ಮೇಷ್ಟ್ರ ಹಂಗ ಅದಾನಂತ್ರಿ."

ಸೋಮನಕಟ್ಟಿಯಲ್ಲಿ ಯಾವ ಮಗುವೂ ಮೇಷ್ಟ್ರು ಎನ್ನುವುದಿಲ್ಲ. ಇಲ್ಲಿ ಎಲ್ಲರೂ ಮಾಸ್ತರ. ಯಂತ್ರ ನೋಡಿಕೊಳ್ಳುವ ಇಂಜಿನಿಯರ್ ಸಿಂಚನಾ ಮಂಡ್ಯದ ಕಡೆಯವಳು. ತರಗತಿಯ ಹಿಂಬದಿಯಲ್ಲಿ ದಪ್ಪ ಗಾಜು ಹಾಕಿದ ನಿಗಾ ಕೋಣೆಯಲ್ಲಿ ಅವಳ ವಾಸ. ಬೆಳಿಗ್ಗೆ ಆ ಗಾಜಿನಾಚೆ ಅವಳು ಫೋನಿನಲ್ಲಿ ತಾಯಿಯ ಜೊತೆ ಜಗಳವಾಡಿದ್ದಳು. "ಅವನ್ನ ನೋಡಿದ್ರೆ ನಂಗೆ ನಮ್ ಹೈಸ್ಕೂಲ್ ಪಿ.ಟಿ. ಮೇಷ್ಟ್ರು ನೆನಪಾಗ್ತಾರಮ್ಮ. ಬೇಡ ಅಂದ್ರೆ ಬೇಡ." ಗಾಜಿನಿಂದೀಚೆ ಸೊಲ್ಲೂ ಬಂದಿರಲಿಲ್ಲ. ಅಷ್ಟೂ ಮಾತನ್ನು ದಾಕ್ಷಾಯಣಿ ತುಟಿಯಿಂದ ಓದಿ, ಫಲಕಕ್ಕೆ ತಲೆ ಬಗ್ಗಿಸಿ ನಕ್ಕಿದ್ದಳು.

"ನಿಮಗ ಯಾರು ಹೇಳಿದ್ರು ಇದನ್ನ?"

"ಕಸ್ತೂರಿ ರೀ."

ಕಸ್ತೂರಿ ಅವಳ ಮುಖವನ್ನೇ ನೋಡುತ್ತಿದ್ದಳು. "ನಿನಗ ಹ್ಯಾಂಗ ಕೇಳಸ್ತವಾ?" ಎಂದಳು ದಾಕ್ಷಾಯಣಿ, ಮೆಲ್ಲಗೆ.

"ಕಾಣ್ತೈತ್ರಿ," ಎಂದಳು ಹುಡುಗಿ. ಹೇಳಿದ ಮೇಲೆ ತಪ್ಪಾಯಿತೆಂಬಂತೆ ತುಟಿ ಕಚ್ಚಿಕೊಂಡಳು.

ಮಧ್ಯಾಹ್ನ ದಾಕ್ಷಾಯಣಿ ಸಾಲುಗಳ ನಡುವೆ ಓಡಾಡುತ್ತ ಕಸ್ತೂರಿಯ ಬೆನ್ನ ಹಿಂದೆ ನಿಂತಳು. "ಕಸ್ತೂರಿ, ನಿನ್ನ ಜಡಿ ರಿಬ್ಬನ್ ಬಿಚ್ಚೇತಿ ನೋಡು," ಎಂದಳು, ಗಟ್ಟಿಯಾಗಿಯೇ. ಮುಂದಿನ ಸಾಲಿನ ಇಬ್ಬರು ಹುಡುಗಿಯರು ತಿರುಗಿ ತಮ್ಮ ಜಡೆ ಮುಟ್ಟಿಕೊಂಡರು. ಕಸ್ತೂರಿ ಮಾವಿನಹಣ್ಣು ಎಣಿಸುತ್ತಲೇ ಇದ್ದಳು.

*

ನಿಗಾ ಕೋಣೆಯಲ್ಲಿ ಯಾವಾಗಲೂ ಮಾಘಮಾಸದ ಚಳಿ. ಯಂತ್ರಗಳನ್ನು ತಂಪಾಗಿಡಬೇಕಲ್ಲ. ಸಿಂಚನಾ ಶಾಲು ಹೊದ್ದು ಕುಳಿತಿದ್ದಳು.

"ಚಾನ್ಸೇ ಇಲ್ಲ ಮೇಡಂ. ಜೂನಲ್ಲಿ ಎಲ್ಲಾ ಮಕ್ಕಳ ಕಿವೀನೂ ನಾನೇ ಟೆಸ್ಟ್ ಮಾಡಿದೀನಿ. ಬೀಪ್ ಬಂದಾಗಲೆಲ್ಲ ಕೈ ಎತ್ತಿದಾಳೆ ಅವಳು. ಒಂದೂ ಮಿಸ್ ಇಲ್ಲ."

"ನೀವು ಎಲ್ಲಿ ಕುಂತಿದ್ರಿ ಆವಾಗ?"

"ಎದುರಿಗೆ. ಯಾಕೆ?"

"ಒಮ್ಮೆ ಆ ಬಟನ್ ಒತ್ರಿ. ನನ್ನ ನೋಡಿಕೋತ ಒತ್ರಿ."

ಸಿಂಚನಾ ಒತ್ತಿದಳು.

"ನಿಮ್ಮ ಹುಬ್ಬು ಏರತೈತಿ," ಎಂದಳು ದಾಕ್ಷಾಯಣಿ. "ಕೇಳಿಸ್ತೇನು ಅಂತ ಕೇಳಿದಂಗ. ಅಕಿ ಅದನ್ನ ನೋಡಿ ಕೈ ಎತ್ತ್ಯಾಳ."

ಸಿಂಚನಾ ಫೋನನ್ನು ಕನ್ನಡಿಯಂತೆ ಮುಖಕ್ಕೆ ಹಿಡಿದು ಇನ್ನೆರಡು ಸಲ ಒತ್ತಿ ನೋಡಿಕೊಂಡಳು. ನಗು ಬಂತು, ಅಲ್ಲೇ ನಿಂತಿತು. "ಕೇಳಲ್ಲ ಅಂತ ಹೇಳಿದ್ರೆ ಮೆಷಿನ್ನೇ ಬೇರೆ ದಾರಿ ಹಿಡೀತಿತ್ತಲ್ಲ ಮೇಡಂ. ಯಾಕೆ ಮುಚ್ಚಿಟ್ಳು?"

ದಾಕ್ಷಾಯಣಿಗೆ ಉತ್ತರ ಗೊತ್ತಿತ್ತು. ನೌಕರಿಗೆ ಸೇರುವಾಗ ಅವಳೂ ಡಾಕ್ಟರ ಹೆಬ್ಬೆರಳಿನ ಅಲುಗಾಟ ನೋಡಿಯೇ ಕೈ ಎತ್ತಿದ್ದಳು.

"ಈಗ ಮತ್ತೊಮ್ಮೆ ಟೆಸ್ಟ್ ಮಾಡ್ರಿ. ಬೆನ್ನು ತಿರುಗಿಸಿ ಕುಂಡ್ರಿಸಿ."

"ವರ್ಷಕ್ಕೊಂದೇ ಮೇಡಂ. ಈ ವರ್ಷದ್ದು ಮುಗೀತು, ಕಿವಿ ಸರಿ ಇದೆ ಅಂತ ಅದರ ತಲೇಲಿ ಕೂತ್ಬಿಟ್ಟಿದೆ." ಸಿಂಚನಾ ಪರದೆಯನ್ನು ಅವಳತ್ತ ತಿರುಗಿಸಿದಳು. "ಕಿವಿ ಸರಿ ಇದ್ದೂ ಹೇಳಿದ್ದು ಹತ್ತಲ್ಲ, ಕಣ್ಣು ಪಾಟಿ ಮೇಲೆ ನಿಲ್ಲಲ್ಲ, ಗಾಜಿನ ಕಡೆ ನೋಡ್ತಾಳೆ. ಹಂಗಾಗಿ ಗಮನ ಕೊರತೆ ಅಂತ ತೀರ್ಮಾನ ಮಾಡಿದೆ. ಆಸರೆ ಶಾಲೆಗೆ ಶಿಫಾರಸು ಹೋಗಿದೆ. ಶನಿವಾರ ಪ್ರಾಜೆಕ್ಟ್ ಆಫೀಸರ್ ನಾಗನೂರ ಸರ್ ಬರ್ತಾರೆ, ನೀವು ಸಹಿ ಮಾಡಿದ್ರೆ ಮುಗೀತು."

ಆಸರೆ ಶಾಲೆ ಜಿಲ್ಲಾಕೇಂದ್ರದಲ್ಲಿ. ಅಲ್ಲೇ ಊಟ, ಅಲ್ಲೇ ವಾಸ. ಅಲ್ಲಿ ಹೋದ ಮಕ್ಕಳಿಗೆ ಹಂತ ಎರಡರ ಪಾಠವನ್ನು ಬಹಳ ಪ್ರೀತಿಯಿಂದ, ಬಹಳ ನಿಧಾನವಾಗಿ ಹೇಳಿಕೊಡುತ್ತಾರೆ. ಅಲ್ಲಿಂದ ತಿರುಗಿ ಬಂದ ಮಗುವನ್ನು ದಾಕ್ಷಾಯಣಿ ಇನ್ನೂ ಕಂಡಿರಲಿಲ್ಲ.

"ನಾನು ಹೇಳಿದ್ರ ಅವರು ಕೇಳಂಗಿಲ್ಲೇನು?"

"ನೀವು ಹೇಳೋದು ಅಭಿಪ್ರಾಯ ಮೇಡಂ, ಅದು ಹೇಳೋದು ಅಳತೆ. ಸಹಿ ಮಾಡದಿದ್ರೂ ಅಳತೆ ಮೇಲೇನೇ ಕಳಿಸ್ತಾರೆ." ಸಿಂಚನಾ ಶಾಲನ್ನು ಎಳೆದುಕೊಂಡಳು. "ಕಿವಿ ಕೇಳದೇ ಇರೋರನ್ನ ಅದು ದಡ್ಡರು ಅಂತ ಅಳೀತಿದೆ ಅಂತ ಅದರಲ್ಲೇ ತೋರಿಸ್ಬೇಕು. ಕಿವಿ ಕೇಳದೇ ಇರೋ, ಆದ್ರೆ ದಡ್ಡರಲ್ಲ ಅಂತ ಊರಿಗೆಲ್ಲ ಗೊತ್ತಿರೋ ಒಬ್ಬರು ಬೇಕು. ಎಲ್ಲಿಂದ ತರ್ತೀರಾ?"

ದಾಕ್ಷಾಯಣಿ ಗಾಜಿನಾಚೆ ಕಸ್ತೂರಿಯ ಬೆಂಚಿನತ್ತ ತಿರುಗಿದಳು.

"ಪಾಟಿ ಮ್ಯಾಲ ಅಕ್ಷರ ಬರೂಹಂಗ ಮಾಡಾಕ ಆಗತೈತೇನು?"

"ಒಳಗಡೆ ಇದೆ. ಮುಚ್ಚಿಟ್ಟಿದಾರೆ ಅಷ್ಟೇ. ನಾನು ತೆಗೀಬಾರ್ದು."

"ತಗೀಬಾರದು ಅಂದ್ರಿ. ತಗಿಯಾಕ ಬರತೈತಿ ಅಂದಂಗಾತು."

*

ಸೋಮನಕಟ್ಟಿಯ ಓಣಿಓಣಿಯಲ್ಲಿ ಪಾವರ್‌ಲೂಮಿನ ಸದ್ದು. ಹೊರಗಿನವರು ಬಂದರೆ ತಲೆ ಹಿಡಿದುಕೊಳ್ಳುತ್ತಾರೆ. ಊರಿನವರಿಗೆ ಅದು ನಿಂತರೆ ಎಚ್ಚರವಾಗುತ್ತದೆ. ಶೆಡ್ಡಿನೊಳಗೆ ಕೂಗಿದರೂ ಪಕ್ಕದವರಿಗೆ ಕೇಳದು. ಅದಕ್ಕೇ ಇಲ್ಲಿಯ ನೇಕಾರರಿಗೆ ಬೇರೆಯೇ ಒಂದು ಮಾತಿದೆ. ಎರಡು ಬೆರಳು ಕತ್ತರಿಯಾದರೆ ಎಳೆ ಹರಿದಿದೆ. ಹೆಬ್ಬೆರಳು ತೋರುಬೆರಳು ಹೊಸೆದರೆ ಗಂಟು ಹಾಕು. ಅಂಗೈ ಮೇಲೆ ಮುಷ್ಟಿ ಬಿದ್ದರೆ ಮಗ್ಗ ನಿಲ್ಲಿಸು. ಮಿಕ್ಕದ್ದೆಲ್ಲ ತುಟಿ. ಮಗ್ಗದ ಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿದ ಕೂಸುಗಳಿಗೆ ಈ ಮಾತು ಮೊದಲು ಬರುತ್ತದೆ, ಬಾಯಿಮಾತು ಆಮೇಲೆ. ದಾಕ್ಷಾಯಣಿಯೂ ಅಂಥ ಜೋಳಿಗೆಯಲ್ಲಿ ಬೆಳೆದವಳು.

ಕಸ್ತೂರಿಯ ತಾಯಿ ಮಾದೇವಿ ಎರಡು ಮಗ್ಗಗಳ ನಡುವೆ ನಿಂತು ಲಾಳಿಗೆ ನೂಲಿನ ಕಂಡಿಕೆ ತುಂಬುತ್ತಿದ್ದಳು. ಶಾಲೆಯ ಅಕ್ಕಾರನ್ನು ಕಂಡು ಸೆರಗು ಸರಿ ಮಾಡಿಕೊಂಡಳು. ಇಬ್ಬರೂ ದನಿಯೆತ್ತದೆ ತುಟಿಯಲ್ಲೇ ಮಾತಾಡಿದರು.

"ಮಷೀನ ಹೇಳೇತಂತಲ್ರಿ, ನನ್ನ ಮಗಳು ದಡ್ಡಿ ಅಂತ. ಹೋಗ್ಲಿ ಬಿಡ್ರಿ. ಅಲ್ಲಿ ಎರಡು ಹೊತ್ತು ಊಟರ ಹಾಕ್ತಾರ."

"ದಡ್ಡಿ ಅಲ್ಲವ್ವಾ. ಅಕಿಗೆ ಕಿವಿ ಕೇಳಂಗಿಲ್ಲ."

ಮಾದೇವಿ ಸುತ್ತ ನೋಡಿದಳು. ಆ ಶೆಡ್ಡಿನಲ್ಲಿ ಗುಟ್ಟು ಹೇಳಲು ಸದ್ದಿನ ಭಯವಿಲ್ಲ, ಕಣ್ಣಿನ ಭಯ. ಸೆರಗನ್ನು ಬಾಯಿಯ ಪಕ್ಕಕ್ಕೆ ಮರೆ ಹಿಡಿದು, ದಾಕ್ಷಾಯಣಿಗೆ ಮಾತ್ರ ಕಾಣುವಂತೆ ಹೇಳಿದಳು:

"ಅದನ್ನ ಬಾಯಿಬಿಟ್ಟು ಅನಬ್ಯಾಡ್ರಿ ಅಕ್ಕಾರ. ದಡ್ಡಿ ಅಂದ್ರ ಎಲ್ಲಿಂದರ ಒಬ್ಬ ದಡ್ಡ ಬಂದು ಕೈ ಹಿಡೀತಾನ. ಕಿವುಡಿ ಅಂದ್ರ ಯಾರು ಬರ್ತಾರ? ನಾನ ಹೇಳೇನ್ರಿ ಅಕಿಗೆ, ಕೇಳದಿದ್ರ ನೋಡು, ನೋಡಿ ಹೂಂ ಅನ್ನು ಅಂತ."

ದಾಕ್ಷಾಯಣಿಗೆ ಕಾಲ ಕೆಳಗಿನ ನೆಲ ಮಗ್ಗದ ಹೊಡೆತಕ್ಕೆ ಅದುರುವುದು ಗೊತ್ತಾಯಿತು. ಅವಳ ಅವ್ವನೂ ಹೀಗೆಯೇ, ಇಂಥದೇ ಶೆಡ್ಡಿನಲ್ಲಿ, ಇದೇ ಮಾತು ಹೇಳಿದ್ದಳು. ನೋಡಿ ಹೂಂ ಅನ್ನು. ಆ ಮಾತಿನ ಮೇಲೆ ಅವಳು ಕಾಲೇಜು ಮುಗಿಸಿದ್ದಳು, ನೌಕರಿ ಹಿಡಿದಿದ್ದಳು, ಮದುವೆಯಾಗಿದ್ದಳು. ಬೀಗರ ಮನೆಯಲ್ಲಿ ಅರ್ಥವಾಗದ ಎಷ್ಟು ಮಾತಿಗೆ ನಕ್ಕಿದ್ದಳೋ, ಎಷ್ಟು ಸಾವಿನ ಸುದ್ದಿಗೆ ತಡವಾಗಿ ಅತ್ತಿದ್ದಳೋ.

ಬಲಗೈ ಎತ್ತಿ ಎಡಗಿವಿಯನ್ನು ಮುಟ್ಟಿದಳು. ಎರಡು ಬೆರಳು ಕತ್ತರಿ ಮಾಡಿ ತೋರಿಸಿದಳು. ಆಮೇಲೆ ಬಲಗಿವಿ, ಅಂಗೈಯನ್ನು ಅರ್ಧ ಮಡಚಿದಳು.

ಮಾದೇವಿ ನೋಡುತ್ತಲೇ ನಿಂತಳು. ಹಿಂದಿನ ಮಗ್ಗದಲ್ಲಿ ಎಳೆ ಹರಿದು ಸೀರೆಯ ಅಂಚು ಕೆಡುತ್ತಿತ್ತು. ಅವಳು ತಿರುಗಿ ಎರಡೂ ಮಗ್ಗ ನಿಲ್ಲಿಸಿದಳು.

"ಎಂದಿಂದ್ರಿ?" ಎಂದಳು, ಈಗ ದನಿ ತೆಗೆದು.

"ನಿನ್ನ ಮಗಳಷ್ಟಿದ್ದಾಗಿಂದ."

"ಮತ್ತ ನೀವು ಇಷ್ಟು ಕಲಿತ್ರಿ?"

"ನನಗ ಎದುರಿಗೆ ನಿಂತು ಕಲಿಸಿದ್ರವಾ. ಮಾರಿ ಇತ್ತು, ತುಟಿ ಇತ್ತು. ಅಕಿಗೆ ಕಲಿಸೂದಕ್ಕ ಮಾರೀನ ಇಲ್ಲ. ಶನಿವಾರ ನೀನೂ ಬಾ."

*

ಆ ರಾತ್ರಿ ಊಟಕ್ಕೆ ಕುಳಿತಾಗ ಗಂಡ ಮಹಾಂತೇಶ ಎಂದಿನಂತೆ ಅವಳ ಬಲಕ್ಕೆ ತಟ್ಟೆ ಇಟ್ಟುಕೊಂಡ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅಂಗೈಯ ಗೆರೆಗಳಲ್ಲಿ ಯಾವಾಗಲೂ ಯಾವುದೋ ಬಣ್ಣ ಉಳಿದಿರುತ್ತಿತ್ತು. ದಾಕ್ಷಾಯಣಿ ರೊಟ್ಟಿ ಮುರಿಯದೆ ಹೇಳಿದಳು:

"ಒಂದು ಮಾತು ಹೇಳೂದೈತಿ. ನನಗ ಕಿವಿ..."

"ಗೊತ್ತೈತಿ," ಎಂದ ಅವನು, ಬದನೆಕಾಯಿ ಪಲ್ಯ ಹಾಕಿಕೊಳ್ಳುತ್ತ.

"ಏನ ಗೊತ್ತೈತಿ?"

"ಎಡಕ ಇಲ್ಲ, ಬಲಕ ಅರ್ಧ. ಮದುವ್ಯಾದ ವರ್ಷನ ಗೊತ್ತಾತು. ಎಡಕ ಕುಂತು ಏನ ಹೇಳಿದ್ರೂ ಹೂಂ ಅಂತಿದ್ದಿ. ಒಮ್ಮೆ ನೋಡೂಣಂತ, ನಮ್ಮ ಮನೀ ಮಾರಿಬಿಡ್ಲೇನು ಅಂದೆ. ಅದಕ್ಕೂ ಹೂಂ ಅಂದಿ."

ಅವಳಿಗೆ ನಗಬೇಕೋ ತಟ್ಟೆ ಎತ್ತಿ ಎಸೆಯಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ಈ ಮನುಷ್ಯನ ಮುಂದೆ ಅವಳು ಒಂದು ಕ್ಷಣವೂ ಸಡಿಲಾಗಿ ಕುಳಿತಿರಲಿಲ್ಲ. ದೀಪ ಆರಿಸಿದ ಮೇಲೆ ಅವನು ಮಾತಾಡಿದರೆ ನಿದ್ದೆ ಬಂದವಳಂತೆ ನಟಿಸಿದ್ದಳು. ಆ ಶ್ರಮವೆಲ್ಲ ಏತಕ್ಕಾಗಿ?

"ಹೇಳಬಾರದಿತ್ತೇನು?"

"ನೀ ಮುಚ್ಚಿಟ್ಟದ್ದನ್ನ ನಾ ಹ್ಯಾಂಗ ತಗೀಲಿ? ಬಲಕ ಕುಂಡ್ರೂದಷ್ಟ ನನ್ನ ಕೈಯಾಗಿತ್ತು."

ಅವಳು ರೊಟ್ಟಿಯ ಅಂಚನ್ನು ಪುಡಿ ಮಾಡುತ್ತ ಕುಳಿತಳು. ಸಿಟ್ಟು ಇಳಿಯಲಿಲ್ಲ, ಅದರ ಪಕ್ಕದಲ್ಲೇ ಇನ್ನೇನೋ ಬಂದು ಕುಳಿತಿತು, ಹೆಗಲ ಮೇಲಿನ ಬಿಂದಿಗೆ ಯಾರೋ ಇಳಿಸಿಕೊಂಡ ಹಾಗೆ. ಕಸ್ತೂರಿಯ ವಿಷಯ ಹೇಳಿದಳು, ಶನಿವಾರ ತಾನು ಮಾಡಬೇಕೆಂದಿರುವುದನ್ನೂ ಹೇಳಿದಳು.

"ನಿರ್ವಾಹಕಿಗೆ ಕಣ್ಣು ಕಿವಿ ಪೂರ್ತಿ ಇರಬೇಕಂತ ನಿಯಮ ಐತಿ. ನನ್ನ ತಾಲೂಕು ಆಫೀಸಿನ ಫೈಲಿನ ಕೋಣಿಗೆ ಹಾಕಿದ್ರು ಅಂದ್ರ?"

"ಹಾಕಿದ್ರ ಹಾಕ್ಲಿ ಬಿಡು. ಫೈಲಿಗೇನ ಬಾಯಿ ಐತೇನು, ನಿನಗ ಕೇಳಿಸ್ಲಿಲ್ಲ ಅನ್ನಾಕ," ಎಂದ ಮಹಾಂತೇಶ. ಆಮೇಲೆ ಅವಳ ಮುಖ ನೋಡಿ, ತುಟಿ ಪೂರ್ತಿ ಕಾಣುವಂತೆ ತಿರುಗಿ, ನಿಧಾನವಾಗಿ ಹೇಳಿದ: "ಹೋಗ್ಬೇಕು ಅನಿಸಿದ್ರ ಹೋಗು. ಹೂಂ ಅಂತ ನಾ ಅಂತೇನಿ ಈ ಸಲ."

*

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ತರಗತಿಯಲ್ಲಿ ಉಳಿದವರು ಕೆಲವರೇ. ಯೋಜನಾಧಿಕಾರಿ ನಾಗನೂರ, ಹೆಡ್‌ಮಾಸ್ತರ ಗುರುಲಿಂಗಪ್ಪ, ಸಿಂಚನಾ. ಬಾಗಿಲ ಬಳಿ ಮಾದೇವಿ, ಅವಳ ಸೆರಗು ಹಿಡಿದ ಕಸ್ತೂರಿ. ನಾಗನೂರ ಕೆಟ್ಟ ಮನುಷ್ಯನಲ್ಲ. ಎಲ್ಲರನ್ನೂ ಮಾತಾಡಿಸಿ, ಕಸ್ತೂರಿಯ ಕೈಗೊಂದು ಚಾಕೊಲೇಟ್ ಕೊಟ್ಟಿದ್ದ.

"ಅಕ್ಕಾರ, ನಿಮ್ಮದೊಂದು ಸಹಿ ಆತಂದ್ರ ನಾ ಊಟದ ಹೊತ್ತಿಗೆ ಮನಿ ಮುಟ್ಟತೇನಿ."

"ಅದಕಿಂತ ಮೊದಲ ಇನ್ನೊಬ್ಬಾಕಿಗೆ ಅಳತಿ ಹಾಕೂದೈತ್ರಿ ಸರ್."

"ಯಾರಿಗ್ರಿ?"

"ನನಗ."

ಹೆಡ್‌ಮಾಸ್ತರರು ಹ್ಹೆ ಹ್ಹೆ ಎಂದು ನಕ್ಕರು. ದಾಕ್ಷಾಯಣಿ ಆಗಲೇ ಕಸ್ತೂರಿಯ ಬೆಂಚಿನಲ್ಲಿ ಕುಳಿತಾಗಿತ್ತು. ಬೆಂಚು ಗಿಡ್ಡ; ಮೊಣಕಾಲು ಮೇಜಿಗೆ ತಾಗುತ್ತಿದ್ದವು. ಗುಂಡನ್ನು ಕಿವಿಗೆ ಸಿಕ್ಕಿಸಿಕೊಂಡಳು. ಸಿಂಚನಾ ಒಂದು ಕ್ಷಣ ಅವಳನ್ನೇ ನೋಡಿ, ಏನೋ ಹೊಳೆದವಳಂತೆ ಬಾಯಿಗೆ ಕೈ ಒಯ್ದು, ಆಮೇಲೆ ಬೇಗಬೇಗ ನಿಗಾ ಕೋಣೆಗೆ ಹೋದಳು. ಹೊಸ ವಿದ್ಯಾರ್ಥಿನಿ, ಐದನೇ ಇಯತ್ತೆ. ಪಾಟಿ ಬೆಳಗಿತು.

ಕಿವಿಯೊಳಗೆ ದೂರದಲ್ಲೆಲ್ಲೋ ಸೊಳ್ಳೆ ಹಾರಿದಂತೆ. ಪಾಟಿಯ ಮೇಲೆ ಎಂಟು ಪಾಲು ಮಾಡಿದ ಒಂದು ವೃತ್ತ, ಮೂರು ಪಾಲಿಗೆ ಬಣ್ಣ. ಬಣ್ಣದ ಪಾಲು ಎಷ್ಟು ಎಂದಿರಬೇಕು. ಎಂಟರಲ್ಲಿ ಮೂರು ಎಂದು ಬರೆದಳು. ತಪ್ಪು. ಉಳಿದ ಪಾಲು ಕೇಳಿತ್ತೇನೋ. ಮುಂದೆ ನಲವತ್ತೆಂಟು ಮತ್ತು ಆರು ಎಂಬ ಎರಡು ಸಂಖ್ಯೆ, ನಡುವೆ ಚಿಹ್ನೆಯಿಲ್ಲ. ಭಾಗಿಸಿದಳು. ತಪ್ಪು. ಕಳೆದಳು. ಅದೂ ತಪ್ಪು. ನಾಗನೂರ ಏನಾದರೂ ಅಂದನೇ ಎಂದು ಅಭ್ಯಾಸಬಲದಿಂದ ಅವನ ತುಟಿಯತ್ತ ನೋಡಿದಳು. ಪಾಟಿ ಮಬ್ಬಾಗಿ, ಒಂದು ಹಳದಿ ಕಣ್ಣು ಮೂಡಿ, 'ಇತ್ತ ನೋಡು' ಎಂಬಂತೆ ರೆಪ್ಪೆ ಬಡಿಯಿತು. ಹಂತ ನಾಲ್ಕು. ಹಂತ ಮೂರು. ಹೀಗೇ ಇತ್ತಲ್ಲ ಆ ಹುಡುಗಿಗೆ, ದಿನಾ, ಎಂದುಕೊಂಡಳು. ಉತ್ತರ ಗೊತ್ತಿದೆ, ಪ್ರಶ್ನೆ ಯಾವುದೆಂದು ಗೊತ್ತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಪಾಟಿಯ ಮೇಲೆ ಮೂರು ಮಾವಿನಹಣ್ಣು ಬಂದವು. 3 ಎಂದು ಬರೆದಳು. ಪಾಟಿ ತುಂಬ ಹೂ ಸುರಿದವು.

ಸಿಂಚನಾ ಹೊರಗೆ ಬಂದು, ತನ್ನ ಮುಖವನ್ನು ದಾಕ್ಷಾಯಣಿಯ ಕಡೆಗೇ ಇಟ್ಟುಕೊಂಡು ಓದಿದಳು: "ವಿದ್ಯಾರ್ಥಿನಿಗೆ ಗಮನ ಕೊರತೆ ಇದೆ. ಹಂತ ಎರಡು. ಆಸರೆ ಶಾಲೆಗೆ ಶಿಫಾರಸು."

"ಚ್ಯಾಷ್ಟಿ ಸಾಕ್ರಿ ಅಕ್ಕಾರ," ಎಂದ ನಾಗನೂರ. ನಗು ಮಾಯವಾಗಿತ್ತು. "ಬೇಕಂತಲೇ ತಪ್ಪು ಮಾಡೀರಿ."

ದಾಕ್ಷಾಯಣಿ ಎದ್ದು ನಿಲ್ಲಲು ಹೋದಳು, ಮೊಣಕಾಲು ಸಿಕ್ಕಿಕೊಂಡಿದ್ದವು. ಕುಳಿತೇ ಹೇಳಿದಳು.

"ಇಲ್ರಿ ಸರ್. ಗುಂಡು ಏನ ಕೇಳತು ಅನ್ನೂದ ನನಗ ಗೊತ್ತಾಗ್ಲಿಲ್ಲ. ನನಗ ಕಿವಿ ಕೇಳೂದಿಲ್ಲ. ಎಡಕ ಪೂರ್ತಿ, ಬಲಕ ಅರ್ಧ. ಈ ಊರಾಗ ಮಗ್ಗದ ಮನಿ ಹುಡುಗಿ ನಾನೂ. ಇಪ್ಪತ್ತು ವರ್ಷ ನಿಮ್ಮೆಲ್ಲಾರ ತುಟಿ ನೋಡಿ ನೌಕರಿ ಮಾಡೇನಿ." ತನ್ನ ದನಿ ಅವಳಿಗೆ ಕಿವಿಗಿಂತ ಹೆಚ್ಚಾಗಿ ಗಂಟಲಲ್ಲಿ ಗೊತ್ತಾಗುತ್ತಿತ್ತು, ಅದು ನಡುಗುತ್ತಿಲ್ಲವೆಂದು ಬೆರಳಿಟ್ಟು ನೋಡಿಕೊಂಡಳು. "ನಾನು ಗಣಿತದಾಗ ಹಂತ ಎರಡು ಇದ್ದಾಕಿ ಹೌದೋ ಅಲ್ಲೋ, ನಮ್ಮ ಹೆಡ್‌ಮಾಸ್ತರನ್ನ ಕೇಳ್ರಿ. ಅವರ ಮಗಾ ನನ್ನ ಕಡೆ ಲೆಕ್ಕ ಕಲ್ತಾನ."

ಗುರುಲಿಂಗಪ್ಪನವರು ನೆಲ ನೋಡುತ್ತ ತಲೆಯಾಡಿಸಿದರು.

"ಸಿಂಚನಾ, ಆ ಅಕ್ಷರ ತಗೀರಿ."

"ಅದನ್ನ ತಗೀಬಾರದು," ಎಂದ ನಾಗನೂರ.

"ನೀವಿದೀರಲ್ಲ ಸರ್, ಬೈಯಕ್ಕೆ," ಎಂದು ಸಿಂಚನಾ ಗಾಜಿನೊಳಗೆ ಹೋದಳು.

ದಾಕ್ಷಾಯಣಿ ಬೆಂಚು ಬಿಟ್ಟು ಕೊಟ್ಟಳು. ಕಸ್ತೂರಿ ತಾಯಿಯನ್ನು ನೋಡಿದಳು. ಮಾದೇವಿ ಹೆಬ್ಬೆರಳು ತೋರುಬೆರಳು ಹೊಸೆದು ತೋರಿಸಿದಳು: ಗಂಟು ಹಾಕು. ಹುಡುಗಿ ಬಂದು ಕುಳಿತಳು. ಪಾಟಿಯ ಮೇಲೆ ಮಾವಿನಹಣ್ಣು ಬಂತು, ಅದರ ಕೆಳಗೆ ಮೊದಲ ಸಲ ಒಂದು ಸಾಲು ಅಕ್ಷರ. ಅವಳು ಬೆರಳಿಟ್ಟು ಓದಿದಳು. ಮೂರು ಎಂದು ಬರೆದಳು, ಸ್ವಲ್ಪ ತಿರಸ್ಕಾರದಿಂದಲೇ.

ಹಂತ ಮೂರು ದಾಟಿತು, ನಾಲ್ಕು ದಾಟಿತು. ನಾಗನೂರ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತ. ಐದರಲ್ಲಿ ಒಂದು ಕಡೆ ಬೆರಳು ನಿಂತಿತು. ಕಸ್ತೂರಿ ತಲೆ ಎತ್ತಿ ದಾಕ್ಷಾಯಣಿಯ ಮುಖ ನೋಡಿದಳು.

"ಅಕ್ಕಾರ, ಛೇದ ಅಂದ್ರೇನ್ರಿ? ಈ ಶಬ್ದ ನಾ ನೋಡೇ ಇಲ್ಲ."

ವರ್ಷವಿಡೀ ಗುಂಡು ಅದನ್ನು ಅವಳ ಕಿವಿಯಲ್ಲಿ ಹೇಳುತ್ತಲೇ ಇದ್ದಿರಬೇಕು. ದಾಕ್ಷಾಯಣಿ ಬಗ್ಗಿ, ತನ್ನ ತುಟಿ ಬೆಳಕಿಗೆ ಬರುವಂತೆ ತಿರುಗಿ, ಅರ್ಥ ಹೇಳಿದಳು. ಹುಡುಗಿ ಹೂಂ ಅನ್ನಲಿಲ್ಲ. "ಇನ್ನೊಮ್ಮೆ ಹೇಳ್ರಿ," ಎಂದಳು. ಇನ್ನೊಮ್ಮೆ ಹೇಳಿಸಿಕೊಂಡು ಬರೆದಳು. ದೀಪ ಹಸಿರಾಯಿತು.

ನಾಗನೂರ ಕನ್ನಡಕ ತೆಗೆದು ಒರೆಸಿಕೊಂಡ. "ಈ ಹುಡುಗಿ ಅಳತಿ ನಾ ಮ್ಯಾಲ ಕಳಸಬೇಕಂದ್ರ ನಿಮ್ಮದೂ ಕೂಡೇ ಕಳಸಬೇಕಾಗತೈತ್ರಿ ಅಕ್ಕಾರ. ಒಂದಿಲ್ದ ಇನ್ನೊಂದು ನಿಲ್ಲೂದಿಲ್ಲ. ನಿಮ್ಮ ಕೆಲಸದ್ದು ಏನಾಗತೈತಿ ಅನ್ನೂದು ನನ್ನ ಕೈಯಾಗಿಲ್ಲ."

"ಕಳಸ್ರಿ."

"ವಿಚಾರ ಮಾಡಿ ಸೋಮವಾರ ಹೇಳಿದ್ರೂ ನಡೀತೈತಿ."

"ವಿಚಾರ ಆಗೇತ್ರಿ. ನನ್ನ ತಗದ್ರ ಯಾಕ ತಗದ್ರಿ ಅಂತ ಕೇಳಾಕ ನನಗ ಬಾಯಿ ಐತಿ. ಈಗ ಈಕಿ ಎಲ್ಲಿಗೂ ಹೋಗಂಗಿಲ್ಲ. ಇನ್ನೊಂದು. ಇಡೀ ಇಯತ್ತೆಗೆ ಕಿವಿ ಟೆಸ್ಟ್ ಮತ್ತೊಮ್ಮೆ ಆಗಬೇಕು. ಬೆನ್ನು ತಿರುಗಿಸಿ."

ನಾಗನೂರ ಊಟದ ಮಾತೆತ್ತದೆ ಫೋನ್ ತೆಗೆದ.

*

ಮರುವಾರ ಮಕ್ಕಳು ಬೆಂಚುಗಳನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತರು. ಅವರಿಗೆ ಅದೊಂದು ಆಟ. ಸಿಂಚನಾ ಬೆನ್ನ ಹಿಂದೆ, ಶಾಲನ್ನು ಮೂಗಿನವರೆಗೆ ಸುತ್ತಿಕೊಂಡು ನಿಂತಿದ್ದಳು. "ಈಗ ಹುಬ್ಬು ಏರಿದ್ರೂ ಯಾರಿಗೂ ಕಾಣಲ್ಲ ಬಿಡಿ," ಎಂದು ದಾಕ್ಷಾಯಣಿಯ ಎದುರು ಬಂದು, ಶಾಲು ಸರಿಸಿ ಹೇಳಿ ಹೋದಳು. ಮೇಲಿನಿಂದ ದಾಕ್ಷಾಯಣಿಯ ಬಗ್ಗೆ ಇನ್ನೂ ಏನೂ ಬಂದಿರಲಿಲ್ಲ. ಬರುವವರೆಗೆ ತರಗತಿ ಅವಳದೇ.

ಅವಳೂ ಕಡೆಯ ಬೆಂಚಿನಲ್ಲಿ, ಕಸ್ತೂರಿಯ ಪಕ್ಕದಲ್ಲಿ, ಕಿವಿಗೆ ಗುಂಡು ಸಿಕ್ಕಿಸಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಳು. ಸುಣ್ಣ ಬಳಿದ ಬಿಳಿ ಗೋಡೆ. ಓದಲು ಒಂದು ಮುಖವೂ ಇಲ್ಲ. ಚಿಕ್ಕಂದಿನಿಂದ ಇಂಥ ಗೋಡೆಗೆ ಹೆದರಿದ್ದಳು.

ಟೆಸ್ಟ್ ಶುರುವಾಯಿತು. ಕಣ್ಣಂಚಿನಲ್ಲಿ ಕೈಗಳು ಮೇಲೇರುವುದು ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಎದ್ದವು. ಅದರ ಹಿಂದೆ ಎರಡು ಏಳಲಿಲ್ಲ. ಸೀಟಿ ಊದಿ ವರನಾಗಿದ್ದ ಹುಡುಗನ ಕೈ ಅರ್ಧ ಎದ್ದು, ಪಕ್ಕದವನನ್ನು ನೋಡಿ, ಮತ್ತೆ ಇಳಿಯಿತು. ಕಿಟಕಿ ಪಕ್ಕದವಳ ಕೈ ಏಳಲೇ ಇಲ್ಲ. ಅವಳು ಜೊತೆಯವರ ಭುಜಗಳನ್ನು ಕಳ್ಳಗಣ್ಣಿನಲ್ಲಿ ಹುಡುಕುತ್ತಿದ್ದಳು. ಹಸಿರು ದೀಪದ ಮಕ್ಕಳಲ್ಲೂ ಕೆಲವರು, ಮಗ್ಗದ ಸದ್ದಿನಲ್ಲೇ ಬೆಳೆದವರು. ಎಷ್ಟು ಜನ, ಎಷ್ಟು ದಿನದಿಂದ ನೋಡಿ ನೋಡಿ ಹೂಂ ಅನ್ನುತ್ತಿದ್ದರು.

ಕಸ್ತೂರಿ ಅವಳ ಮೊಣಕೈ ಮುಟ್ಟಿದಳು. ಈಗ ಎತ್ತಬೇಕೇನು ಎಂದು ಕಣ್ಣಲ್ಲೇ ಕೇಳಿದಳು. ಮುಂದೆ ಬಹಳ ಕೈಗಳು ಒಮ್ಮೆಗೇ ಮೇಲೆದ್ದಿದ್ದವು. ಶಬ್ದ ಬಂದಿದೆ ಎಂಬುದು ಇಬ್ಬರಿಗೂ ಗೊತ್ತಾಗಿತ್ತು. ದಾಕ್ಷಾಯಣಿಯ ಬಲಗೈ, ಎಷ್ಟೋ ವರ್ಷಗಳ ರೂಢಿಯಿಂದ, ತಾನಾಗಿ ಎದ್ದುಬರುತ್ತಿತ್ತು.

ಅವಳು ಅದನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಕಸ್ತೂರಿ ನೋಡಿದಳು. ಆಮೇಲೆ ತನ್ನ ಕೈಗಳನ್ನೂ ಹಾಗೆಯೇ ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಮುಖ ಮಾಡಿ, ನೆಟ್ಟಗೆ ಕುಳಿತಳು.